ದುರ್ಬೀನಿನ ಎರಡು ಬಳೆ

ಮಸ್ಕಿಯ ದೊಡ್ಡಬಸಪ್ಪ ಮಾಸ್ತರರಿಗೆ ದೇವರು ಎಲ್ಲವನ್ನೂ ಅಷ್ಟಿಷ್ಟು ಕೊಟ್ಟಿದ್ದ. ಬಾಯಿ ಮುಚ್ಚಿಕೊಂಡು ಕೂಡುವ ಶಕ್ತಿಯೊಂದನ್ನು ಕೊಡಲು ಮರೆತಿದ್ದ. ಯಾರಾದರೂ ತಪ್ಪು ಹೇಳಿದರೆ ಅವರ ನಾಲಿಗೆಯ ತುದಿ ತುರಿಸುತ್ತಿತ್ತು. ಅಂಗಡಿಯವನು ಒಂದು ಗಜವೆಂದು ಬಟ್ಟೆ ಹರಿದು ಕೊಟ್ಟರೆ, ಮಾಸ್ತರರು ಕೋಟಿನ ಕಿಸೆಯಿಂದ ಮಡಚುವ ಹಿತ್ತಾಳೆಯ ಅಳತೆಪಟ್ಟಿ ತೆಗೆದು, "ಮುಕ್ಕಾಲು ಬೆರಳು ಕಡಿಮಿ ಆತು ನೋಡ್ರಿ" ಎನ್ನುತ್ತಿದ್ದರು. ಹೀಗಾಗಿ ಮಸ್ಕಿಯಲ್ಲಿ ಅವರಿಗೆ ಬಟ್ಟೆ ಕೊಡುವವರು ಯಾರೂ ಉಳಿದಿರಲಿಲ್ಲ. ಹೆಂಡತಿ ವೀರಭದ್ರಮ್ಮ ಒಂದು ಕುಪ್ಪಸದ ಖಣಕ್ಕೂ ಲಿಂಗಸುಗೂರಿನ ದಾರಿ ಹಿಡಿಯಬೇಕಾಗಿತ್ತು.

ಮಾಸ್ತರರು ಹೈದರಾಬಾದಿನ ಕಾಲೇಜಿನಲ್ಲಿ ವಿಜ್ಞಾನ ಓದಿ, ಪಾಸೂ ಆಗಿ, ಊರಿಗೆ ಮರಳಿ, ಮಠದ ಪಡಸಾಲೆಯಲ್ಲಿ ಇಪ್ಪತ್ಮೂರು ಮಕ್ಕಳನ್ನು ಕೂಡಿಸಿಕೊಂಡು ಒಂದು ಕನ್ನಡ ಶಾಲೆ ತೆರೆದಿದ್ದರು. ನಿಜಾಮರ ರಾಜ್ಯದಲ್ಲಿ ಇಂಥ ಖಾಸಗಿ ಶಾಲೆಗೆ ಸರಕಾರದ ಇಜಾಜತ್, ಅಂದರೆ ಅನುಮತಿ, ಬೇಕು. ಅದಕ್ಕಾಗಿ ಲಿಂಗಸುಗೂರಿನ ತಹಶೀಲ ಕಚೇರಿಗೆ ಅರ್ಜಿ ಹಾಕಿ ಹನ್ನೊಂದು ತಿಂಗಳಾಗಿತ್ತು. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿದ ತಾರೀಖುಗಳನ್ನು ಮಾಸ್ತರರು ಗ್ರಹಗತಿಯಂತೆ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಶನಿಗ್ರಹವೇ ಇದಕ್ಕಿಂತ ಚುರುಕು ಎಂಬ ತೀರ್ಮಾನಕ್ಕೂ ಬಂದಿದ್ದರು. ಸಂಕ್ರಾಂತಿ ಮುಗಿದ ವಾರ ಕಚೇರಿಯಿಂದ ಒಂದು ಕಾಗದ ಬಂತು. ಯುಗಾದಿಯೊಳಗೆ ಇಜಾಜತ್ ತೋರಿಸಬೇಕು, ಇಲ್ಲವಾದರೆ ಶಾಲೆಗೆ ಬೀಗ. ಕೊಡಬೇಕಾದ ಕಚೇರಿಯೇ 'ಎಲ್ಲಿದೆ, ತೋರಿಸು' ಎಂದು ಕೇಳಿತ್ತು.

ಮಾಸ್ತರರು ಪೇಶ್ಕಾರ ವಿರೂಪಾಕ್ಷಪ್ಪನವರ ಬಳಿ ಓಡಿದರು. ಸಾಹೇಬರ ಮುಂದೆ ಕಾಗದ ಇಡುವುದು ಪೇಶ್ಕಾರರ ಕೆಲಸ. ಇಡದಿರುವುದು ಅವರ ಅಧಿಕಾರ.

"ಮಾಸ್ತರ, ಅವಸರ ಮಾಡಬ್ಯಾಡ್ರಿ," ಎಂದರು ಪೇಶ್ಕಾರರು, ಎಲೆಗೆ ಸುಣ್ಣ ಸವರುತ್ತಾ. "ಮುಂದಿನ ವಾರ ತಹಶೀಲ್ದಾರ ಸಾಹೇಬರು ದೌರಾ ಮ್ಯಾಲ ನಿಮ್ಮೂರಿಗೇ ಬರ್ತಾರ. ಮುಂಜಾನಿ ಶಿಕಾರಿ, ಮಧ್ಯಾಹ್ನ ದಸ್ಕತ್ತು. ಶಿಕಾರಿ ಕೂಡಿ ಬಂದರ ಪೆನ್ನು ತಾನಾಗಿ ಓಡತೈತಿ. ನಿಮ್ಮ ದೈವಾ, ಚಿಗರಿ ದೈವಾ."

ಚಿಗರಿಯ ದೈವ ಚೆನ್ನಾಗಿತ್ತು. ಮಾಸ್ತರರದು ಮಾತ್ರ ಅಷ್ಟಕ್ಕಷ್ಟೆ.

ಮಸ್ಕಿಯ ಹುಣಸೆ ತೋಪಿನಲ್ಲಿ ಡೇರೆ ಎದ್ದ ಮೂರನೆಯ ದಿನ ಮಾಸ್ತರರು ಅರ್ಜಿಯ ನಕಲು ಹಿಡಿದು ಹೋದಾಗ, ಸಾಹೇಬರು ಮೇಜಿನ ಮೇಲಿದ್ದ ಬಂದೂಕನ್ನು ಪರೀಕ್ಷೆಯಲ್ಲಿ ನಪಾಸಾದ ಮಗನನ್ನು ನೋಡುವಂತೆ ನೋಡುತ್ತಿದ್ದರು. ಅದು ವಿಲಾಯತಿ ರೈಫಲ್. ದೂರದ್ದನ್ನು ಹತ್ತಿರಕ್ಕೆ ತೋರಿಸುವ ಉದ್ದನೆಯ ದುರ್ಬೀನನ್ನು ಎರಡು ಉಕ್ಕಿನ ಬಳೆಗಳು ಅದರ ಬೆನ್ನಿನ ಮೇಲೆ ಹಿಡಿದಿದ್ದವು. ಮದುವೆಯಲ್ಲಿ ಮಾವ ಕೊಟ್ಟ ಉಡುಗೊರೆ. ಮಾವ ಹೈದರಾಬಾದಿನಲ್ಲಿ ದೊಡ್ಡ ಹುದ್ದೆಯವರು. ಅಳಿಯನ ಹುದ್ದೆಯೂ ಒಂದು ಲೆಕ್ಕದಲ್ಲಿ ಅದೇ ಉಡುಗೊರೆಯ ಜೊತೆಗೆ ಬಂದದ್ದು.

"ಮೂರು ದಿನ, ಏಳು ಗುಂಡು!" ಎಂದರು ಸಾಹೇಬರು. "ಒಂದು ಚಿಗರಿ ಬಾಲ ಸೈತ ಇಲ್ಲ. ಯಾಕೆ?"

ಪೇಶ್ಕಾರರು ಕೈಕಟ್ಟಿ ಮುಂದೆ ಬಂದರು. "ಹುಜೂರ್, ಈ ಸೀಮಿ ಚಿಗರಿಗಳಿಗೆ ಅದಬು ಮರ್ಯಾದಿನೇ ಇಲ್ಲರಿ. ಹುಜೂರರ ಗುಂಡು ಬರಾಕತ್ತೈತಿ ಅಂದಮ್ಯಾಲ ನಿಂತು ತಗೋಬೇಕೋ ಬ್ಯಾಡೋ?"

"ಗಾಳಿ, ಹುಜೂರ್," ಎಂದ ಪೊಲೀಸ್ ಅಮೀನ. "ಮೂಡಣ ಗಾಳಿ. ಅದರ ಮ್ಯಾಲ ಕೇಸ್ ಹಾಕಾಕ ಬರಂಗಿಲ್ಲ."

ಅಡುಗೆಯ ಮುನ್ನಿಬೀ ಡೇರೆಯ ಹಿಂದಿನಿಂದಲೇ ಕೂಗಿದಳು: "ರಾತ್ರಿ ಬದನೀಕಾಯಿ ಬ್ಯಾಡ ಅಂದೆ ನಾನು. ಬದನೀಕಾಯಿ ತಿಂದರ ಕಣ್ಣು ಮಂಜಾಗತಾವ. ನನ್ನ ಮಾತು ಯಾರು ಕೇಳತಾರ?"

ಮಾಸ್ತರರ ನಾಲಿಗೆಯ ತುದಿ ತುರಿಸತೊಡಗಿತು. ಅವರು ಅರ್ಜಿಯನ್ನು ನೆನೆದರು, ಯುಗಾದಿಯನ್ನು ನೆನೆದರು, ಇಪ್ಪತ್ಮೂರು ಮಕ್ಕಳನ್ನು ನೆನೆದರು. ಉಪಯೋಗವಾಗಲಿಲ್ಲ.

"ಚಿಗರೀದೂ ಅಲ್ಲ, ಗಾಳೀದೂ ಅಲ್ಲ, ಬದನೀಕಾಯೀದೂ ಅಲ್ಲರಿ," ಎಂದರು. "ದುರ್ಬೀನು ಜರಗೈತಿ."

ಸಾಹೇಬರು ತಲೆ ಎತ್ತಿದರು. "ನೀವು ಯಾರು?"

"ಮಸ್ಕಿ ಶಾಲಿ ಮಾಸ್ತರರೀ. ಕಾಲೇಜಿನೊಳಗ ವಿಜ್ಞಾನ ಓದೀನಿ. ಬಂದೂಕಿನ ವಿಷಯ ನನಗ ಚಲೋ ಗೊತ್ತೈತಿ. ಅರ್ಧ ತಾಸು ಕೊಡ್ರಿ."

ಬಂದೂಕಿನ ವಿಷಯ ಅವರಿಗೆ ಏನೂ ಗೊತ್ತಿರಲಿಲ್ಲ. ಅದನ್ನು ಅವರು ಕೈಯಿಂದ ಮುಟ್ಟಿದ್ದು ಆವತ್ತೇ ಮೊದಲು. ಆದರೆ ಸವೆತ, ಅಳತೆ, ಕೋನ ಇವು ಗೊತ್ತಿದ್ದವು, ಮತ್ತು ಅಲ್ಲಿ ಬೇಕಾಗಿದ್ದುದೂ ಅಷ್ಟೇ. ಅವರು ಅಳತೆಪಟ್ಟಿ ಬಿಚ್ಚಿದರು, ಮುನ್ನಿಬೀಯ ಒಗ್ಗರಣೆ ಡಬ್ಬಿಯಿಂದ ನಾಲ್ಕು ಸಾಸಿವೆ ಕಾಳು ತರಿಸಿದರು, ಎಲ್ಲ ಅಳತೆಗಳನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಬಳೆಗಳ ಸ್ಕ್ರೂಗಳನ್ನು ಯಾರೋ ಹಣ್ಣು ಕೊಯ್ಯುವ ಚಾಕುವಿನಿಂದ ತಿರುಗಿಸಿ ತಿರುಗಿಸಿ ತಲೆಯನ್ನೇ ತಿಂದುಹಾಕಿದ್ದರು. ಬಳೆಯ ಒಳಮೈ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. ಬಳೆಗೂ ದುರ್ಬೀನಿಗೂ ನಡುವೆ ಕೆಂಪು-ಬಿಳಿ ಬಣ್ಣದ ಒಂದು ಜಿಗುಟಾದ ಮೇಣವಿತ್ತು. ಮಾಸ್ತರರು ಅದನ್ನು ಉಗುರಿನಿಂದ ಕೆರೆದು ಮೂಸಿ ನೋಡಿದರು. ಕುಸುಬೆ ಎಣ್ಣೆ, ಕುಂಕುಮ, ವಿಭೂತಿ.

ಅದು ಆಯುಧಪೂಜೆಯ ಪ್ರಸಾದ. ಪ್ರತಿ ದಸರೆಗೆ ಕಚೇರಿಯ ಆಯುಧಗಳನ್ನೆಲ್ಲ ಸಾಲಾಗಿ ಇಟ್ಟು ಪೇಶ್ಕಾರರು ಪೂಜೆ ಮಾಡುತ್ತಿದ್ದರು. ಸಾಹೇಬರು ಅನ್ಯಮತದವರಾದರೂ, "ಇರಲಿ, ನಿಮ್ಮ ದೇವರದೂ ಒಂದು ಮೊಹರು ಬೀಳಲಿ" ಎಂದು ರೈಫಲನ್ನೂ ಕಳಿಸಿಕೊಡುತ್ತಿದ್ದರು. ಸಾಹೇಬರದೆಂಬ ಕಾರಣಕ್ಕೆ ಅದಕ್ಕೆ ಮಿಕ್ಕವಕ್ಕಿಂತ ಮೂರು ಪಾಲು ಎಣ್ಣೆ. ಐದು ದಸರೆಯ ಭಕ್ತಿ ಬಳೆಯ ಸಂದಿನಲ್ಲಿ ಇಳಿದು ಕೂತಿತ್ತು.

"ಸಾಹೇಬರ, ಬಳಿ ಬಿಗಿ ಹಿಡಿದರನ ದುರ್ಬೀನು ನಿಲ್ಲೋದು," ಎಂದು ಮಾಸ್ತರರು ತರಗತಿಯ ಧ್ವನಿಯಲ್ಲಿ ಶುರುಮಾಡಿದರು. "ಒಳಗ ಎಣ್ಣಿ ಕುಂತೈತಿ. ಗುಂಡು ಹಾರಿದಾಗಿನ ಒದೆತಕ್ಕ ದುರ್ಬೀನು ಪ್ರತಿ ಸಲ ಜಾರತೈತಿ. ಇಲ್ಲಿ ಒಂದು ಸಾಸಿವಿ ಕಾಳಿನಷ್ಟು ಅಲುಗಿದರ, ಇನ್ನೂರು ಗಜ ಆಚೆ ಒಂದಾಳು ಎತ್ತರ ತಪ್ಪತೈತಿ. ಈಗ ಎಣ್ಣಿ ಒರಸಿ ಬಿಗಿ ಮಾಡತೀನಿ. ಆದರ ಬಳಿ ಸವೆದು ಹೋಗ್ಯಾವ. ಹೊಸಾವು ಹಾಕೋತನಕ ಗುಂಡು ಹಾರಸಬ್ಯಾಡ್ರಿ."

ಇದರಷ್ಟು ಸತ್ಯವಾದ ಮಾತು ಆ ವರ್ಷ ಲಿಂಗಸುಗೂರು ತಾಲೂಕಿನಲ್ಲಿ ಯಾರೂ ಆಡಿರಲಿಲ್ಲ. ಅದರ ಫಲವೂ ತಕ್ಕಂತೆಯೇ ಆಯಿತು. 'ಸವೆದು ಹೋಗ್ಯಾವ' ಎಂದಾಗ, ಮಾವನ ಉಡುಗೊರೆಯನ್ನು ಹಳೆಯ ಕಬ್ಬಿಣ ಎಂದಂತಾಗಿ ಸಾಹೇಬರ ಮುಖ ಗಂಟಾಯಿತು. 'ಎಣ್ಣಿ' ಎಂದಾಗ ಪೇಶ್ಕಾರರ ಕಿವಿ ಕೆಂಪಾಯಿತು. 'ಹಾರಸಬ್ಯಾಡ್ರಿ' ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಎಣ್ಣೆ ಒರೆಸಿ ಬಿಗಿ ಮಾಡಿದ ಒಂದು ತಾಸಿಗೆ ಸಾಹೇಬರು ಶಿಕಾರಿಗೆ ಹೊರಟರು.

ಶಿಕಾರಿ ಎಂದರೆ ಸಾಹೇಬರು ಪೊದೆಯ ಮರೆಯಲ್ಲಿ ಕುರ್ಚಿ ಹಾಕಿಕೊಂಡು ಕೂಡುವುದು. ಮಸ್ಕಿಯ ನಲವತ್ತು ಮಂದಿ ಹೊಲಮನೆಯ ಕೆಲಸ ಬಿಟ್ಟು, ಬಿಟ್ಟಿಯಾಗಿ, ಡಬ್ಬಿ ಬಡಿಯುತ್ತಾ ಚಿಗರಿಗಳನ್ನು ಎಬ್ಬಿಸಿ ಆ ಕುರ್ಚಿಯ ಮುಂದೆ ಓಡಿಸುವುದು. ಈ ನಲವತ್ತು ಮಂದಿಗೆ ಅಂಬಪ್ಪ ಮುಖಂಡ. ಆವತ್ತು ಒಂದು ಕರಿ ಹೋರಿ ಚಿಗರಿ ಸರಿಯಾಗಿ ಕುರ್ಚಿಯ ಎದುರಿಗೇ ಬಂದು, ಇದೇನು ಕುರ್ಚಿ ಎಂದು ಅಚ್ಚರಿಯಿಂದ ನಿಂತುಬಿಟ್ಟಿತು. ಸಾಹೇಬರು ಉಸಿರು ಹಿಡಿದು ಬಂದೂಕಿನ ಕುದುರೆ ಎಳೆದರು. ಮೊದಲ ಗುಂಡು ಕೊಂಬಿನ ಮೇಲಿಂದ ಹಾರಿಹೋಯಿತು, ಅದರ ಒದೆತಕ್ಕೇ ಸವೆದ ಬಳೆ ಸಡಿಲಿತು. ಎರಡನೆಯ ಗುಂಡು, ಮಸ್ಕಿಯ ಇಮಾಮ್‌ಬೀ ಎಂಬಾಕೆಯ, ಒಡ್ಡಿನ ಮೇಲೆ ಜಾಲಿಕಾಯಿ ಮೇಯುತ್ತಿದ್ದ ಮೇಕೆಯ ಕೊರಳಿಗೆ ಬಡಿಯಿತು. ಚಿಗರಿ ಸಾವಕಾಶವಾಗಿ ಹೋಯಿತು.

ಸಾಹೇಬರು ಎದ್ದ ರಭಸಕ್ಕೆ ಕುರ್ಚಿ ಬಿತ್ತು. "ಈ ಹರಾಮಖೋರರು ಅಡ್ಡಾದಿಡ್ಡಿ ಎಬ್ಬಿಸ್ತಾರೆ! ಅಮೀನ್, ಎಲ್ಲರಿಗೂ ಹತ್ತತ್ತು ಬಾರಕೋಲು!"

ಅಂಬಪ್ಪ ತನ್ನ ನಲವತ್ತು ಮಂದಿಯನ್ನು ನೋಡಿದ. ಅದರಲ್ಲಿ ತಮ್ಮನಿದ್ದ, ಅಳಿಯನಿದ್ದ, ಅರವತ್ತು ದಾಟಿದ ಸೋದರಮಾವನಿದ್ದ. ಅವನು ಟವಲು ತೆಗೆದು ಮುಂದೆ ಬಂದ.

"ಸಾಹೇಬರ, ಹೊಡೀರಿ, ಬ್ಯಾಡನ್ನಂಗಿಲ್ಲ. ಆದರ ತಪ್ಪು ನಮ್ಮದಲ್ಲ, ನಿಮ್ಮದೂ ಅಲ್ಲ. ಬಂದೂಕನ್ನ ಯಾರೋ ಕಟ್ಯಾರ."

"ಕಟ್ಯಾರ ಅಂದ್ರೆ?"

"ಮಂತ್ರ ಹಾಕಿ ಕಟ್ಯಾರ್ರೀ. ಕಟ್ಟಿದ ಬಂದೂಕು ಎದುರಿಗೆ ಆನಿ ನಿಂತರೂ ಹತ್ತಂಗಿಲ್ಲ. ನಮ್ಮ ಮುತ್ಯಾನ ಕಾಲದಾಗೂ ಹಿಂಗ ಆಗಿತ್ತು."

"ಯಾರು ಕಟ್ಟಿದ್ರು?"

ಅಂಬಪ್ಪನಿಗೆ ಯಾರ ಹೆಸರನ್ನೂ ಹೇಳುವ ಮನಸ್ಸಿರಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಪೇಶ್ಕಾರರು ಗಂಟಲು ಸರಿಮಾಡಿಕೊಂಡು, ಗಾಳಿಗೆ ಹೇಳುವವರಂತೆ, "ಮುಂಜಾನಿ ಬಂದೂಕು ಮುಟ್ಟಿದವರು ಒಬ್ಬರೇ. ಬಳಿ ಹಿಡಿದು ಬಾಯೊಳಗ ಏನೋ ಎಣಸಾಕತ್ತಿದ್ದರು. ಸಾಸಿವಿನೂ ತರಿಸಿದ್ದರು" ಎಂದರು.

ಸಾಸಿವೆ ಎಂದ ಕೂಡಲೇ ನಲವತ್ತು ಮಂದಿಯೂ ತಲೆಯಾಡಿಸಿದರು. ಮಂತ್ರಕ್ಕೆ ಸಾಸಿವೆ ಬೇಕೆಂಬುದು ಎಲ್ಲರಿಗೂ ಗೊತ್ತು.

ಸಾಹೇಬರು ಓದಿದವರು. ಮೊದಲು ನಕ್ಕರು. ಅರ್ಧ ನಗುವಿನಲ್ಲಿ ಅವರಿಗೊಂದು ಹೊಳೆಯಿತು: ಈ ಕಾರಣ ನಿಜವಾದರೆ ತಮ್ಮ ಕಣ್ಣಿಗೆ ದೋಷವಿಲ್ಲ, ಮಾವನ ಉಡುಗೊರೆಗೂ ದೋಷವಿಲ್ಲ. ನಗು ನಿಂತಿತು. "ಕಟ್ಟಿದ್ದನ್ನು ಬಿಚ್ಚೋದು ಹೇಗೆ?" ಎಂದು ಮೆಲ್ಲಗೆ ಕೇಳಿದರು. ಬಾರಕೋಲಿನ ಮಾತು ಅಲ್ಲಿಗೆ ಮರೆತುಹೋಯಿತು.

ಸುದ್ದಿ ಸಾಹೇಬರ ಕುದುರೆಗಿಂತ ಮೊದಲು ಊರು ಮುಟ್ಟಿತು. ಮರುದಿನ ಬೆಳಿಗ್ಗೆ ಮಾಸ್ತರರ ಮನೆಯ ಕಟ್ಟೆಯ ಮೇಲೆ ಜನ. ಚಿಗರಿಯನ್ನು ಕೊಲ್ಲಬಾರದೆನ್ನುವ ಮುದುಕರು ಕಾಯಿ ಒಡೆದರು. ಕುರುಬರು ಬೆಣ್ಣೆ ತಂದರು. ಜೋಗಮ್ಮನೆಂಬಾಕೆ ಗಂಡನ ಬಾಯಿ ಕಟ್ಟಿಕೊಡಬೇಕೆಂದು ಬಂದಳು. ಆಕೆಯ ಹಿಂದೆಯೇ ಗಂಡ ಅದೇ ಕೋರಿಕೆ ಹೊತ್ತು ಬಂದ. ಮಾಸ್ತರರು ಕರಿಹಲಗೆಯನ್ನೇ ಹೊರಗೆ ತಂದು, ಬಳೆ, ದುರ್ಬೀನು, ಕೋನ ಎಲ್ಲ ಬರೆದು ಒಂದು ತಾಸು ತಿಳಿಸಿ ಹೇಳಿದರು. ಜನ ಭಕ್ತಿಯಿಂದ ಕೇಳಿದರು. ಹಲಗೆಯ ಮೇಲಿನ ಚಿತ್ರವನ್ನು ಯಂತ್ರವೆಂದು ತಿಳಿದ ಇಬ್ಬರು ಅದನ್ನು ತಾಮ್ರದ ತಗಡಿನ ಮೇಲೆ ಬರೆಸಿಕೊಡಿರೆಂದು ದುಂಬಾಲು ಬಿದ್ದರು.

"ಒಳಗ ಬರ್ರಿ ಸಾಕು," ಎಂದಳು ವೀರಭದ್ರಮ್ಮ. "ಧೋತರದ ಕಚ್ಚಿ ನೆಟ್ಟಗ ಕಟ್ಟಾಕ ಬರಂಗಿಲ್ಲ ನಿಮಗ, ಬಂದೂಕು ಕಟ್ಯಾರಂತ!"

ಅಷ್ಟರಲ್ಲಿ ಓಣಿಯ ಇಮಾಮ್‌ಬೀ ಬಂದಳು. ಅವಳ ಮಗ ಶಾಲೆಯಲ್ಲಿ ಎರಡನೆಯ ಸಾಲಿನಲ್ಲಿ ಕೂಡುವವನು. ಅವಳ ಕೈಯಲ್ಲಿ ಮೇಕೆಯ ಕೊರಳಗಂಟೆಯಿತ್ತು.

"ಮಾಸ್ತರ, ಗುಂಡು ತಪ್ಪಿಸಾಕ ಬರತೈತಿ ನಿಮಗ. ಚಿಗರಿ ಉಳಸಿದ್ರಿ, ಚಲೋ ಆತು. ಒಂದೀಟು ಆಚಿಕಡೆ ತಪ್ಪಿಸಿದ್ರ ನಿಮ್ಮ ಗಂಟೇನು ಹೋಗತಿತ್ತು? ನನ್ನ ಮ್ಯಾಕಿ ನಿಮಗೇನು ಮಾಡಿತ್ತು?"

"ಇಮಾಮ್‌ಬೀ, ನಾ ಏನೂ ಕಟ್ಟಿಲ್ಲಬೇ. ಇಸ್ಕ್ರೂ ಸಡ್ಲಾಗಿತ್ತು."

"ಇಸ್ಕ್ರೂ ಕೈಲಿ ಪಾಪ ಮಾಡಿಸಿ ಅದರ ಮ್ಯಾಲ ಹಾಕ್ತೀರಲ್ಲ! ಕಚೇರ್ಯಾಗ ಏನ್ ಬರದಾರ ಗೊತ್ತೈತೇನು? 'ಹುಜೂರರ ಗುಂಡಿಗೆ ಅಡ್ಡ ಬಂದ ಮೇಕೆ.' ನನ್ನ ಮ್ಯಾಕೀದ ತಪ್ಪಂತ!" ಗಂಟೆಯನ್ನು ಕಟ್ಟೆಯ ಮೇಲೆ ಕುಕ್ಕಿ ಅವಳು ಹೊರಟುಹೋದಳು. ಆವತ್ತು ಅವಳ ಮಗ ಶಾಲೆಗೆ ಬರಲಿಲ್ಲ. ಮಂತ್ರಗಾರನ ಹತ್ತಿರ ಮಕ್ಕಳನ್ನು ಬಿಡುವುದು ಹೇಗೆಂದು ಇನ್ನೂ ಆರು ಮಂದಿ ಬಿಡಿಸಿಕೊಂಡರು. ಮಂತ್ರ ಕಲಿಯಲೆಂದು ಒಂಬತ್ತು ಮಂದಿ ಸೇರಿಸಿದರು. ಹಾಜರಿ ಹೆಚ್ಚಿದ್ದನ್ನು ಮಾಸ್ತರರು ಪುಸ್ತಕದಲ್ಲಿ ಬರೆದುಕೊಂಡರಾದರೂ ಸಂತೋಷಪಡಲಿಲ್ಲ.

ಯುಗಾದಿಗೆ ಇನ್ನು ಮೂರು ವಾರ. ಲಿಂಗಸುಗೂರಿನಿಂದ ಕರೆ ಬಂತು. ಕಚೇರಿಯಲ್ಲಿ ಪೇಶ್ಕಾರರು ಮಾಸ್ತರರ ಕಡತವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು.

"ಮಾಸ್ತರ, ಹುಜೂರರ ಹುಕುಂ. ಕಟ್ಟಿದ್ದನ್ನ ಬಿಚ್ಚಿಕೊಡ್ರಿ, ಇಜಾಜತ್ ತಗೊಂಡು ಹೋಗ್ರಿ."

"ಪೇಶ್ಕಾರ ಸಾಹೇಬರ, ನೀವು ತಿಳಿದವರು. ನಾ ಕಟ್ಟಿಲ್ಲ ಅನ್ನೋದು ನಿಮಗೂ ಗೊತ್ತೈತಿ."

"ಗೊತ್ತಿರೋದು ಬ್ಯಾರೆ, ಬರಿಯೋದು ಬ್ಯಾರೆ." ಪೇಶ್ಕಾರರು ಲೇಖನಿಯನ್ನು ಶಾಯಿಗೆ ಅದ್ದಿದರು. "ನೀವು ಕಟ್ಟಿಲ್ಲ ಅಂದರ ಬಂದೂಕು ಯಾಕ ತಪ್ಪತೈತಿ? ಹುಜೂರರಿಗೆ ಗುರಿ ಇಡಾಕ ಬರಂಗಿಲ್ಲ, ಹಂಗ ಬರೀಲೇನು? ಅವರ ಮಾವನವರು ಕೆಟ್ಟ ಮಾಲು ಕೊಟ್ಟಾರ, ಹಂಗ ಬರೀಲೇನು? ಇಲ್ಲಾ, ನಾ ಮಾಡಿದ ಪೂಜಿಯಿಂದ ಸರಕಾರಿ ಶಿಕಾರಿ ಕೆಟ್ಟಿತು, ಹಂಗ ಬರೀಲೇನು? ನೀವು ಓದಿದವರು. ಯಾವುದು ಬರೀಲಿ ಹೇಳ್ರಿ."

ಮಾಸ್ತರರು ಲೆಕ್ಕ ಹಾಕಿದರು. ಇಡೀ ತಾಲೂಕಿನಲ್ಲಿ ಯಾರ ಮನಸ್ಸನ್ನೂ ನೋಯಿಸದ ಕಾರಣ ಮಂತ್ರವೊಂದೇ ಇತ್ತು. ಅದು ಸುಳ್ಳಾಗಿತ್ತು ಎಂಬುದಷ್ಟೇ ಕೊರತೆ. "ಹತ್ತು ದಿನ ಕೊಡ್ರಿ," ಎಂದರು.

ಅಲ್ಲಿಂದ ಅವರು ನೇರವಾಗಿ ಹೋದದ್ದು ಸಿಂಧನೂರಿಗೆ. ಅಲ್ಲಿ ಹತ್ತಿ ಅರೆಯುವ ಗಿರಣಿಯೊಂದರಲ್ಲಿ ಕನಕರಾಯನೆಂಬ ಫಿಟ್ಟರ್ ಇದ್ದ, ಅವನ ಸುಪರ್ದಿನಲ್ಲಿ ಉಕ್ಕು ಕಡೆಯುವ ಒಂದು ಲೇತ್ ಮಷೀನಿತ್ತು. ಮಾಸ್ತರರು ಟಿಪ್ಪಣಿ ಪುಸ್ತಕದ ಅಳತೆಗಳನ್ನು ತೋರಿಸಿದರು. ಕನಕರಾಯ ಅಂಕಿಗಳನ್ನು ನೋಡಿ, ಮಾಸ್ತರರನ್ನು ನೋಡಿ, ಬೀಡಿ ಆರಿಸಿದ. ಅಂಕಿಗೆ ಮರ್ಯಾದೆ ಕೊಟ್ಟ ಮೊದಲ ಮನುಷ್ಯ.

"ಬಿಗಿ ಮಾಡಿ ನೋಡಿದ್ರೇನು?"

"ಮಾಡಿದ್ದೆ. ಒಂದೇ ಗುಂಡಿಗೆ ಸಡ್ಲಾತು."

"ಆಗತೈತಿ. ಒಂದು ಸಲ ಸಡ್ಲಾದರ ಬಿಗಿ ಮಾಡಬೇಕು. ಬಿಗಿ ಮಾಡಿದಮ್ಯಾಲೂ ಸಡ್ಲಾದರ, ಅದರ ಕಾಲ ಮುಗೀತು ಅಂತ ತಿಳೀಬೇಕು. ಮತ್ತ ಬಿಗಿ ಮಾಡತೀನಿ ಅಂತ ತಿರುವಿದಷ್ಟೂ ಹಲ್ಲು ತಿಂದು ಹೋಗತಾವ. ಮಂದಿ ಏನ್ ಮಾಡತಾರ ಗೊತ್ತೈತೇನ್ರಿ? ಸವೆದದ್ದರ ಮ್ಯಾಲ ಎಣ್ಣಿ ಬಿಡತಾರ. ಸದ್ದು ನಿಂತರ ಸುದ್ದ ಆತು ಅಂತ ತಿಳೀತಾರ."

ಅವನು ಮುರಿದ ಗಿರಣಿ ದಂಡವೊಂದರ ಉಕ್ಕಿನಿಂದ ಎರಡು ಬಳೆ ಕೊರೆದು, ಒಳಮೈಯನ್ನು ನಯವಾಗಿಸದೆ ಸಣ್ಣಗೆ ತರಿಯಾಗಿಯೇ ಬಿಟ್ಟ, ಹಿಡಿತ ಸಿಗಲೆಂದು. ಸ್ಕ್ರೂಗಳನ್ನೂ ಹೊಸದಾಗಿ ಮಾಡಿದ. ಏನು ಕೊಡಲಿ ಎಂದರೆ, ನೆಲದ ಮೇಲಿನ ಉಕ್ಕಿನ ಪುಡಿಯನ್ನು ಅಂಗೈಯಿಂದ ಸಮ ಮಾಡಿ, "ಇಲ್ಲಿ ನನ್ನ ಹೆಸರು ಬರೀರಿ. ಇಪ್ಪತ್ತು ವರ್ಷ ಆತು, ಪಗಾರಕ್ಕ ಹೆಬ್ಬಟ್ಟು ಒತ್ತಾಕತ್ತೀನಿ" ಎಂದ. ಮಾಸ್ತರರು ಬೆರಳಿನಿಂದ ಬರೆದರು. ಕನಕರಾಯ ಅದರ ಮೇಲೆಯೇ ಏಳು ಸಲ ತೀಡಿದ. "ಶಾಲಿ ಉಳೀತು ಅಂದರ ಉಳಿದ ಅಕ್ಷರಕ್ಕ ಮಸ್ಕಿಗೇ ಬರತೀನಿ," ಎಂದ.

ಬಿಚ್ಚುವ ಕಾರ್ಯ ಲಿಂಗಸುಗೂರಿನ ಕಚೇರಿಯ ಅಂಗಳದಲ್ಲಿ ನಡೆಯಿತು. ಮಾಸ್ತರರು ಒಂದು ಪರದೆ ಕಟ್ಟಿಸಿದರು, ನಿಂಬೆಹಣ್ಣು ತರಿಸಿದರು. ಪರದೆ ಇಲ್ಲದಿದ್ದರೆ ಬಳೆ ಬದಲಾಯಿಸುವುದು ಕಾಣುತ್ತಿತ್ತು, ನಿಂಬೆಹಣ್ಣು ಇಲ್ಲದಿದ್ದರೆ ಯಾರೂ ನಂಬುತ್ತಿರಲಿಲ್ಲ. ನಿಂಬೆರಸದಿಂದ ಎಣ್ಣೆಯ ಜಿಡ್ಡೂ ಹೋಯಿತೆಂಬುದು ಬೇರೆ ಮಾತು. ಪರದೆಯ ಹಿಂದೆ ಕೂತು, ಹೊಸ ಬಳೆಗಳನ್ನು ಕೂಡಿಸುತ್ತಾ, ಅವರು ಗಂಭೀರ ರಾಗದಲ್ಲಿ ಹದಿನೇಳರ ಮಗ್ಗಿ ಹೇಳಿದರು. ಪೇಶ್ಕಾರರಿಗೆ ಹದಿಮೂರರ ಆಚೆ ಮಗ್ಗಿ ಬರುತ್ತಿರಲಿಲ್ಲವಾದ್ದರಿಂದ ಅವರು ಕೈಮುಗಿದರು.

ಇನ್ನೂರು ಗಜ ದೂರದಲ್ಲಿ ಮೂರು ಗಡಿಗೆ ಇಟ್ಟರು. ಸಾಹೇಬರು ಮೂರು ಗುಂಡು ಹಾರಿಸಿದರು. ಮೂರು ಗಡಿಗೆಯೂ ಒಡೆದವು. ಪರೀಕ್ಷೆಗೆಂದು ನಾಲ್ಕನೆಯದಾಗಿ ತೋರಿಸಿದ ನಿಂಬೆಹಣ್ಣೂ ಹಾರಿತು. ಸಾಹೇಬರು ಮಾಸ್ತರರನ್ನು ತಬ್ಬಿಕೊಂಡರು. "ಕಡತ ತನ್ನಿ!" ಎಂದರು.

ಕಡತ ಬಂತು. ಹನ್ನೊಂದು ತಿಂಗಳಲ್ಲ, ಈಗ ಹದಿಮೂರನೆಯ ತಿಂಗಳು. ಸಾಹೇಬರ ಪೆನ್ನಿನ ಮುಚ್ಚಳ ತೆರೆಯಿತು. ಮಾಸ್ತರರು ಪೆನ್ನಿನ ತುದಿಗೂ ಕಾಗದಕ್ಕೂ ನಡುವಿನ ಅಂತರವನ್ನು ಕಣ್ಣಿನಿಂದಲೇ ಅಳೆದರು. ಒಂದೂವರೆ ಬೆರಳು.

"ಹುಜೂರ್, ಒಂದು ಅರಿಕೆ," ಎಂದರು ಪೇಶ್ಕಾರರು.

ಪೆನ್ನು ನಿಂತಿತು.

"ಬಿಚ್ಚಾಕ ಬಂದವರಿಗೆ ಕಟ್ಟಾಕೂ ಬರತೈತಿ ಅಲ್ಲೇನ್ರಿ? ಇಂಥವರು ದೂರ ಮಸ್ಕಿಯೊಳಗ ಇರೋದು ಚಲೋ ಅಲ್ಲ. ಮನಸು ಬಂದ ದಿನ ಮತ್ತ ಕಟ್ಟಿದರ?"

ಸಾಹೇಬರು ಯೋಚಿಸಿದರು. ಯೋಚನೆಯ ಕೊನೆಗೆ ಅವರ ಮುಖದ ಮೇಲೆ ನಿಜವಾದ ಔದಾರ್ಯ ಮೂಡಿತು. ಅವರು ಉಪಕಾರವನ್ನೇ ಮಾಡುತ್ತಿದ್ದರು. "ಇಂಥ ಹುನ್ನರಿನ ಮನುಷ್ಯ ಮಕ್ಕಳ ಮೂಗು ಒರೆಸ್ತಾ ಯಾಕೆ ಕೂಡಬೇಕು? ಇವತ್ತಿನಿಂದ ನೀವು ಸರಕಾರಿ ನೌಕರ. ನನ್ನ ಬಂದೂಕಿನ ಕಾವಲು. ಇಲ್ಲೇ ಲಿಂಗಸುಗೂರಲ್ಲಿ ಇರಬೇಕು."

"ಸಾಹೇಬರ, ಶಾಲಿ..."

"ಮಾಸ್ತರನೇ ಇಲ್ಲದ ಶಾಲೆಗೆ ಇಜಾಜತ್ ಯಾಕೆ?" ಎಂದು ಸಾಹೇಬರು ನ್ಯಾಯವಾಗಿಯೇ ಕೇಳಿ, ಕಡತದ ಮೇಲೆ 'ಅವಶ್ಯಕತೆ ಇಲ್ಲ' ಎಂದು ಬರೆದು ದಸ್ಕತ್ತು ಹಾಕಿದರು. ಮಾಸ್ತರರು ನೌಕರಿ ಬೇಡವೆನ್ನಬಹುದಾಗಿತ್ತು. ಆದರೆ ಬೇಡ ಎಂದವನು ಯಾಕೆ ಬೇಡ ಎನ್ನುತ್ತಾನೆ ಎಂಬ ಪ್ರಶ್ನೆಯನ್ನು ಅಮೀನ ಆಗಲೇ ಕಣ್ಣಿನಲ್ಲಿ ಕೇಳುತ್ತಿದ್ದ.

ಯುಗಾದಿಗೆ ಶಾಲೆ ಮುಚ್ಚಿತು. ಮಠದ ಪಡಸಾಲೆಯಲ್ಲಿ ಸಾಹೇಬರ ಡೇರೆ, ಗೂಟ, ಹಗ್ಗ ಇಟ್ಟರು. ಕರಿಹಲಗೆಯನ್ನು ಡೇರೆಗೆ ಗೆದ್ದಲು ಹತ್ತದಂತೆ ಅಡಿಗೆ ಹಾಸಿದರು.

ಮತ್ತು ಬಂದೂಕು ಗುರಿ ತಪ್ಪುವುದನ್ನು ಬಿಟ್ಟಿತು. ಕನಕರಾಯನ ಬಳೆ ಅಂಥವು. ಮೊದಲು ತಿಂಗಳಿಗೊಂದು ಆಗುತ್ತಿದ್ದ ಶಿಕಾರಿ ವಾರಕ್ಕೆ ಎರಡಾಯಿತು. ಗುರಿ ಹತ್ತುವವನಿಗೆ ಬೇಸರ ಎಲ್ಲಿಯದು? ಮುಂಗಾರಿನ ಬಿತ್ತನೆಯ ಹದದಲ್ಲೇ ನಲವತ್ತು ಮಂದಿ ಕೂರಿಗೆ ಬಿಟ್ಟು ಡಬ್ಬಿ ಬಡಿಯಲು ನಡೆದರು. ಮಸ್ಕಿಯ ಗುಡ್ಡದ ಸುತ್ತ ಮೂವತ್ತು ಚಿಗರಿ ಇದ್ದವು; ಶ್ರಾವಣದ ಹೊತ್ತಿಗೆ ನಾಲ್ಕು ಉಳಿದವು. ಮೊದಲು ಬೆಣ್ಣೆ ತಂದಿದ್ದ ಕುರುಬರು ಮಾಸ್ತರರನ್ನು ಕಂಡರೆ ದಾರಿಯ ಪಕ್ಕಕ್ಕೆ ಉಗುಳತೊಡಗಿದರು. ವೀರಭದ್ರಮ್ಮ ಈಗ ಲಿಂಗಸುಗೂರಿನಲ್ಲೇ ಇದ್ದಳು; ಬಟ್ಟೆಯ ಅಂಗಡಿ ಮನೆಯ ಎದುರಿಗೇ ಇತ್ತು; ಅವಳು ಒಂದು ದಿನವೂ ಅದರ ಮೆಟ್ಟಿಲು ಹತ್ತಲಿಲ್ಲ.

ಮಹಾನವಮಿಗೆ ಎಂಟು ದಿನ ಇರುವಾಗ ಅಂಬಪ್ಪ ಲಿಂಗಸುಗೂರಿಗೆ ಬಂದ. ಕಚೇರಿಯ ಬೇವಿನ ಮರದಡಿ, ಮಾಸ್ತರರಿಂದ ಒಂದು ಮಾರು ದೂರದಲ್ಲಿ ಕುಕ್ಕುರುಗಾಲಿನಲ್ಲಿ ಕೂತ.

"ಮಾಸ್ತರ, ಆವತ್ತು ನಾ ಸುಳ್ಳು ಹೇಳಿದೆ. ನಮ್ಮ ಮಂದಿ ಬೆನ್ನು ಉಳಸಾಕ ಹೇಳಿದೆ. ನೀವು ಆ ಸುಳ್ಳನ್ನ 'ಖರೆ' ಅಂತ ಒಪ್ಪಿ ಬಿಚ್ಚಿ ಬಂದ್ರಿ."

"ಶಾಲಿ ಉಳೀಲಿ ಅಂತ ಮಾಡಿದೆ ಅಂಬಪ್ಪ."

"ಉಳೀತೇನು?"

ಮಾಸ್ತರರು ಅಳತೆಪಟ್ಟಿಯನ್ನು ಬಿಚ್ಚಿ, ಮತ್ತೆ ಮಡಚಿದರು.

"ನಮ್ಮ ಮಾವ ಹೋದ ವಾರ ಎಬ್ಬಸಾಕ ಹೋದಾಗ ಬಿದ್ದು ಸೊಂಟ ಮುರಕೊಂಡಾನ," ಎಂದ ಅಂಬಪ್ಪ, ಏಳುತ್ತಾ. "ಅವನ ಹೊಲ ಬೀಳು ಬಿದ್ದೈತಿ. ನಿಮಗ ಮಂತ್ರ ಬರಂಗಿಲ್ಲ ಅನ್ನೋದು ಊರಾಗ ಗೊತ್ತಿರೋದು ನನಗೊಬ್ಬಂಗ. ಆದರೂ ಕೇಳಾಕ ಬಂದೀನಿ. ಒಮ್ಮೆ ಖರೇನ ಕಟ್ರಿ."

ದಸರೆ ಬಂತು. ಕಚೇರಿಯ ಪಡಸಾಲೆಯಲ್ಲಿ ಆಯುಧಗಳ ಸಾಲು. ನಡುವೆ, ಹಸಿರು ಮಖಮಲ್ಲಿನ ಮೇಲೆ, ಕಾವಲುಗಾರ ದೊಡ್ಡಬಸಪ್ಪನವರ ಕೈಯಲ್ಲಿ ಸಾಹೇಬರ ರೈಫಲ್. ಆ ಬಂದೂಕನ್ನು ಅವರು ಆರು ತಿಂಗಳಿನಿಂದ ಒಣ ಬಟ್ಟೆಯಲ್ಲಿ ಒರೆಸಿ, ಪ್ರತಿ ಸೋಮವಾರ ಸ್ಕ್ರೂ ನೋಡಿ, ತಾರೀಖು ಹಾಕಿ ಬರೆದಿಟ್ಟಿದ್ದರು. ಪೇಶ್ಕಾರ ವಿರೂಪಾಕ್ಷಪ್ಪನವರು ಮಡಿ ಉಟ್ಟು, ಕುಸುಬೆ ಎಣ್ಣೆಯ ಬಟ್ಟಲು ಹಿಡಿದು ಬಂದು, ಬಂದೂಕಿನ ಮುಂದೆ ನಿಂತು, ಮಾಸ್ತರರ ಬಾಯಿಯನ್ನೇ ನೋಡಿದರು. ಸಾಹೇಬರೂ ನೋಡಿದರು. ಈಗೊಂದು ಪಾಠ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಪೇಶ್ಕಾರರು ಬಟ್ಟಲು ಬಗ್ಗಿಸಿದರು. ಎಣ್ಣೆ ನಳಿಗೆಯ ಮೇಲಿಂದ ಹರಿದು, ಮೊದಲ ಬಳೆಯ ಅಂಚಿಗೆ ಬಂದು, ಒಳಗೆ ಇಳಿಯಲೋ ಹೊರಗೆ ಹೋಗಲೋ ಎಂದು ನಿಂತಿತು. ಮಾಸ್ತರರ ನಾಲಿಗೆಯ ತುದಿ ತುರಿಸಿತು.

ಅವರು ಏನೂ ಅನ್ನಲಿಲ್ಲ. ಎಣ್ಣೆ ಒಳಗೆ ಇಳಿಯುವಂತೆ ಬಂದೂಕನ್ನು ಕೊಂಚ ವಾಲಿಸಿದರು. ಒಂದು ಸಾಸಿವೆ ಕಾಳಿನಷ್ಟು.